ಸೋಲಾರ್ ಟಾಕಿಯ ಬಿಸಿನೀರು ಬೆಳಗಾಗುವುದರೊಳಗೆ ಎಲ್ಲಿಗೆ ಹೋಗುತ್ತದೆ?



ಚಳಿ ಬಿದ್ದೊಡನೆ ನಮ್ಮ ಹಳ್ಳಿಗಳಲ್ಲಿ ಒಂದು ದೂರು ಏಳುತ್ತದೆ. ಮಾಳಿಗೆಯ ಮೇಲೆ ಸೋಲಾರ್ ಇದೆ. ಹಗಲೆಲ್ಲ ಬಿಸಿಲು ಬಿದ್ದಿದೆ. ಸಂಜೆ ನಳ ತಿರುಗಿಸಿದಾಗ ಕೈ ಸುಡುವಂಥ ನೀರು ಬಂದಿತ್ತು. ಆದರೆ ನಸುಕಿನಲ್ಲಿ ಎದ್ದು ಜಳಕಕ್ಕೆ ನೀರು ಬಿಟ್ಟರೆ ಉಗುರುಬೆಚ್ಚಗೂ ಇಲ್ಲ. ಎರಡು ದಿನ ನೋಡಿ ಮನೆಯವರು "ಇದು ಕೆಟ್ಟಿತು" ಎಂದು ತೀರ್ಮಾನಿಸುತ್ತಾರೆ. ಮೂರನೆಯ ದಿನ ಹಿತ್ತಲಿನಲ್ಲಿ ಹಂಡೆಯ ಕೆಳಗೆ ತೊಗರಿ ಕಟ್ಟಿಗೆ ಉರಿಯತೊಡಗುತ್ತದೆ, ಇಲ್ಲವೇ ಬಕೆಟ್ಟಿನೊಳಗೆ ಕರೆಂಟಿನ ರಾಡು ಇಳಿಯುತ್ತದೆ.

ಇದರಿಂದಾಗುವ ನಷ್ಟವನ್ನು ಮೊದಲು ತಿಳಿದುಕೊಳ್ಳಿರಿ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಅಷ್ಟೇ ಶಾಖವನ್ನು ಮೂರು ಕಲ್ಲಿನ ಒಲೆಯಿಂದ ಪಡೆಯಬೇಕಾದರೆ 7ರಿಂದ 9 ಕಿಲೋ ಒಣಗಿದ ಕಟ್ಟಿಗೆ ಸುಡಬೇಕು. ಏಕೆಂದರೆ ಅಂಥ ಒಲೆಯಲ್ಲಿ ಉರಿಯ ಹತ್ತು ಪಾಲಿನಲ್ಲಿ ಒಂದು, ಒಂದೂವರೆ ಪಾಲು ಮಾತ್ರ ನೀರಿಗೆ ಸೇರುತ್ತದೆ, ಮಿಕ್ಕದ್ದು ಗಾಳಿಗೂ ಹೊಗೆಗೂ ಹೋಗುತ್ತದೆ. ಆ ಹೊಗೆಯನ್ನು ಕುಡಿಯುವವರು ಮನೆಯ ಹೆಣ್ಣುಮಕ್ಕಳು. ಇನ್ನು ರಾಡಿನ ಮಾತು: ಮಕ್ಕಳು ಓಡಾಡುವ ಬಚ್ಚಲಿನಲ್ಲಿ, ಒದ್ದೆ ನೆಲದ ಮೇಲೆ, ಕರೆಂಟು ಹರಿಯುವ ರಾಡನ್ನು ಬಕೆಟ್ಟಿಗೆ ತೂಗುಹಾಕುವುದು ಜೀವದೊಂದಿಗೆ ಆಟವಾಡಿದಂತೆ. ಮನೆಯಲ್ಲಿ ಬಾಣಂತಿ, ಎಳೆಗೂಸು, ಮುದುಕರು ಇದ್ದರಂತೂ ಬಿಸಿನೀರಿಲ್ಲದೆ ನಡೆಯುವುದೂ ಇಲ್ಲ.

ಹಾಗಾದರೆ ಯಂತ್ರ ನಿಜವಾಗಿ ಕೆಟ್ಟಿದೆಯೇ? ಸಂಜೆ ನೀರು ಕಾಯುತ್ತಿದೆಯೆಂದರೆ ಯಂತ್ರದ ಅರ್ಧ ಭಾಗ ಸರಿಯಾಗಿಯೇ ಕೆಲಸ ಮಾಡಿದೆ. ಕಣದಲ್ಲಿ ರಾಶಿಯೇ ಕಡಿಮೆ ಬಂದಿರುವುದು ಒಂದು ಮಾತು; ಬಂದ ರಾಶಿಯನ್ನು ಹಗೇವಿನಲ್ಲಿ ತುಂಬಿಟ್ಟ ಮೇಲೆ ಇಲಿ ತಿಂದಿರುವುದು ಇನ್ನೊಂದು ಮಾತು. ಸೋಲಾರಿಗೂ ಇವೇ ಎರಡು ರೋಗ. ಒಂದು, ಶಾಖ ಬಾರದಿರುವುದು. ಇನ್ನೊಂದು, ಬಂದ ಶಾಖ ನಿಲ್ಲದಿರುವುದು. ಇವೆರಡರ ಮದ್ದು ಬೇರೆ ಬೇರೆ. ಯಾವುದೆಂದು ತಿಳಿಯದೆ ಟ್ಯೂಬು ಬದಲಿಸುವುದು, ಟಾಕಿ ಬದಲಿಸುವುದು ದುಡ್ಡು ದಂಡ. ಕಮಲಾಪುರದ ಕಡೆಯ ಹಳ್ಳಿಗೆ ಕಲಬುರಗಿಯಿಂದ ಮಿಸ್ತ್ರಿ ಬರಬೇಕಾದರೆ ಹುಮನಾಬಾದ್ ರಸ್ತೆಯಲ್ಲಿ 35-40 ಕಿಲೋಮೀಟರು ಬರಬೇಕು. ಅವನು ಬಂದು ಹೋಗುವ ಖರ್ಚು ನಿಮ್ಮದೇ. ಆದ್ದರಿಂದ ಅವನನ್ನು ಕರೆಸುವ ಮುನ್ನ ರೋಗ ಯಾವುದೆಂದು ನೀವೇ ಕಂಡುಹಿಡಿಯಬಹುದು. ಅದಕ್ಕೆ ಬೇಕಾದದ್ದು ಒಂದು ಥರ್ಮಾಮೀಟರು, ಒಂದು ಚೊಂಬು, ಒಂದು ಸಂಜೆ, ಒಂದು ಬೆಳಗು.

ಶಾಖವನ್ನು ರಾತ್ರಿ ಹಿಡಿದಿಡುವ ಈ ತೊಡಕು ಸೋಲಾರಿನಷ್ಟೇ ಹಳೆಯದು. 1891ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್ ಎಂಬವರು ಬಿಸಿಲಿನಿಂದ ನೀರು ಕಾಯಿಸುವ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದರು. ಗಾಜಿನ ಮುಚ್ಚಳವಿದ್ದ ಪೆಟ್ಟಿಗೆಯೊಳಗೆ ಕಪ್ಪು ಬಣ್ಣ ಬಳಿದ ನೀರಿನ ಟಾಕಿಗಳು, ಅಷ್ಟೇ. ಹಗಲು ನೀರು ಚೆನ್ನಾಗಿ ಕಾಯುತ್ತಿತ್ತು. ಆದರೆ ಟಾಕಿ ಇದ್ದದ್ದೇ ಬಿಸಿಲಿಗೆ ತೆರೆದ ಜಾಗದಲ್ಲಾದುದರಿಂದ, ಕತ್ತಲಾದ ಮೇಲೆ ಅದೇ ದಾರಿಯಿಂದ ಶಾಖ ಹೊರಗೆ ಹೋಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಲಿ ಎಂಬವರು ಕಾಯಿಸುವ ಭಾಗವನ್ನೂ ಕೂಡಿಡುವ ಟಾಕಿಯನ್ನೂ ಬೇರೆ ಬೇರೆ ಮಾಡಿ, ಟಾಕಿಗೆ ಶಾಖ ತಡೆಯುವ ಹೊದಿಕೆ ಹಾಕಿದರು. ಅದಕ್ಕೆ ಅವರು ಇಟ್ಟ ಹೆಸರೇ "ಹಗಲು ಮತ್ತು ರಾತ್ರಿ" ಎಂಬರ್ಥದ್ದು. ಇಂದು ನಿಮ್ಮ ಮಾಳಿಗೆಯ ಮೇಲೆ ಇರುವುದು ಹೆಚ್ಚುಕಡಿಮೆ ಅದೇ ವ್ಯವಸ್ಥೆ. ಕೆಳಗೆ ಬಿಸಿಲು ಹೀರುವ ಹಲಗೆ ಅಥವಾ ಗಾಜಿನ ಟ್ಯೂಬುಗಳು. ಮೇಲೆ ಹೊದಿಕೆಯಿರುವ ಟಾಕಿ. ಕಾದ ನೀರು ಹಗುರಾಗಿ ತಾನೇ ಮೇಲಕ್ಕೇರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಪಂಪಿನ ಅವಶ್ಯಕತೆಯಿಲ್ಲ.

ಈಗ ಪರೀಕ್ಷೆಗೆ ಬರೋಣ. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ನಡೆಯುವುದಿಲ್ಲ. ಅದು 42 ಡಿಗ್ರಿಯವರೆಗಿನದು, ಬಿಸಿನೀರಿಗೆ ಅದ್ದಿದರೆ ಒಡೆಯುತ್ತದೆ. 100 ಡಿಗ್ರಿಯ ತನಕ ತೋರಿಸುವಂಥದ್ದು ಬೇಕು. ಕಲಬುರಗಿಯ ಅಂಗಡಿಗಳಲ್ಲಿ ಸಿಗುತ್ತದೆ; ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಿದರೆ ಒಂದು ದಿನದ ಮಟ್ಟಿಗೆ ಕೊಟ್ಟಾರು. ಚೆನ್ನಾಗಿ ಬಿಸಿಲು ಬಿದ್ದ ದಿನವನ್ನು ಆರಿಸಿಕೊಳ್ಳಿರಿ. ಟಾಕಿಯೊಳಗೆ ಕರೆಂಟಿನ ಕಾಯಿಲ್ ಇದ್ದರೆ ಹಿಂದಿನ ದಿನವೇ ಅದರ ಸ್ವಿಚ್ಚು ಬಂದ್ ಮಾಡಿರಿ. ಸಂಜೆ ಆರು ಗಂಟೆಗೆ ಬಚ್ಚಲಿನ ಬಿಸಿನೀರಿನ ನಳ ಬಿಟ್ಟು, ಪೈಪಿನಲ್ಲಿ ನಿಂತಿದ್ದ ತಣ್ಣೀರು ಬಕೆಟ್ಟಿಗೆ ಹೋದ ಮೇಲೆ ಒಂದು ಚೊಂಬು ಹಿಡಿದು ಅಳೆಯಿರಿ. ಅಂಕಿಯನ್ನು ಬರೆದಿಡಿರಿ. ಆ ರಾತ್ರಿ ಯಾರೂ ಬಿಸಿನೀರು ಬಳಸಬಾರದು. ಬೆಳಗಿನ ಆರು ಗಂಟೆಗೆ, ಯಾರೂ ಜಳಕ ಮಾಡುವ ಮೊದಲು, ಅದೇ ನಳದಲ್ಲಿ ಅದೇ ರೀತಿ ಅಳೆಯಿರಿ.

ಸಂಜೆ 60 ಇದ್ದದ್ದು ಬೆಳಗ್ಗೆ 53ರ ಆಸುಪಾಸಿನಲ್ಲಿದ್ದರೆ ನಿಮ್ಮ ಟಾಕಿ ಗಟ್ಟಿಯಾಗಿದೆ. ಎಂಥ ಒಳ್ಳೆಯ ಟಾಕಿಯೂ ಚಳಿಯ ರಾತ್ರಿಯಲ್ಲಿ 5ರಿಂದ 8 ಡಿಗ್ರಿ ಕಳೆದುಕೊಳ್ಳುತ್ತದೆ, ಅದಕ್ಕೆ ಚಿಂತಿಸಬೇಕಾಗಿಲ್ಲ. 60 ಇದ್ದದ್ದು 45ಕ್ಕೋ ಅದಕ್ಕೂ ಕೆಳಕ್ಕೋ ಇಳಿದಿದ್ದರೆ ರಾತ್ರಿ ಶಾಖ ಸೋರುತ್ತಿದೆ. ಸಂಜೆಯೇ 40 ಇದ್ದು ಬೆಳಗ್ಗೆ 36 ಇದ್ದರೆ ಟಾಕಿಯ ತಪ್ಪಿಲ್ಲ. ಹಗಲಿನಲ್ಲಿ ನೀರು ಕಾದೇ ಇಲ್ಲ. ಟಾಕಿಯ ಬಾಯಿಯ ಹತ್ತಿರದ ಪೈಪು ಮುಟ್ಟಲಾಗದಷ್ಟು ಬಿಸಿಯಿದ್ದು ಬಚ್ಚಲಿನಲ್ಲಿ ಮಾತ್ರ ತಣ್ಣೀರು ಬಂದರೆ ದೋಷ ಪೈಪಿನ ದಾರಿಯಲ್ಲಿದೆ.

ಒಂದು ಲೆಕ್ಕ ಹೇಳುತ್ತೇವೆ. 100 ಲೀಟರ್ ನೀರು 1 ಡಿಗ್ರಿ ಇಳಿಯಿತೆಂದರೆ 0.116 ಯೂನಿಟ್ ಶಾಖ ಹೋಯಿತು. ಗಟ್ಟಿ ಟಾಕಿಗಿಂತ 8 ಡಿಗ್ರಿ ಹೆಚ್ಚು ಕಳೆದುಕೊಳ್ಳುವ ಟಾಕಿಯು ನವೆಂಬರಿನಿಂದ ಫೆಬ್ರುವರಿಯ ಕೊನೆಯವರೆಗಿನ 120 ರಾತ್ರಿಗಳಲ್ಲಿ ಸುಮಾರು 110 ಯೂನಿಟ್ ಗಾಳಿಗೆ ತೂರುತ್ತದೆ. 200 ಲೀಟರಿನ ಟಾಕಿಯಾದರೆ ಇದರ ಎರಡರಷ್ಟು. ಜೆಸ್ಕಾಂ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ ನೋಡಿದರೆ ನಿಮಗೇ ತಿಳಿಯುತ್ತದೆ.

ರಾತ್ರಿ ಶಾಖ ಸೋರುವ ಮನೆಯವರು ಮೊದಲು ಟಾಕಿಯ ಮೈ ನೋಡಬೇಕು. ಒಳಗಿನ ಟಾಕಿಗೂ ಹೊರಗಿನ ತಗಡಿಗೂ ನಡುವೆ ಸುಮಾರು ಎರಡು ಅಂಗುಲ ದಪ್ಪದ ಗಟ್ಟಿ ನೊರೆಯಂಥ ಪದಾರ್ಥ ತುಂಬಿರುತ್ತದೆ. ಮಿಸ್ತ್ರಿಗಳು ಅದನ್ನು ಪಫ್ ಎನ್ನುತ್ತಾರೆ. ಅದರಲ್ಲಿರುವ ಸಣ್ಣ ಸಣ್ಣ ಗಾಳಿಗುಳ್ಳೆಗಳೇ ಶಾಖವನ್ನು ತಡೆಯುವುದು. ಅದು ಒಣಗಿರುವ ತನಕ ಚಿಂತೆಯಿಲ್ಲ. ಹೊರಗಿನ ತಗಡು ತುಕ್ಕು ಹಿಡಿದೋ, ಪಕ್ಕದ ಮುಚ್ಚಳ ಸಡಿಲವಾಗಿಯೋ, ಪೈಪು ಒಳಹೋಗುವ ತೂತಿನ ಸುತ್ತ ಬಿರುಕು ಬಿಟ್ಟೋ ಮಳೆಯ ನೀರು ಒಳಗೆ ಹೊಕ್ಕರೆ ಆ ಹೊದಿಕೆ ಹೊದಿಕೆಯಾಗಿ ಉಳಿಯುವುದಿಲ್ಲ. ಒದ್ದೆ ಕಂಬಳಿ ಹೊದ್ದುಕೊಂಡು ಚಳಿಯಲ್ಲಿ ಮಲಗಿದವನ ಗತಿಯೇ ಟಾಕಿಯದು. ಒಳಗಿನ ಟಾಕಿಯೇ ಸಣ್ಣಗೆ ಸೋರುತ್ತಿದ್ದರೂ ಹೀಗೆಯೇ ಆಗುತ್ತದೆ. ಆಗ ಟಾಕಿಯ ಕೆಳಗೆ ಸದಾ ಒಂದು ಕಡೆ ಒದ್ದೆ ಕಾಣುತ್ತದೆ.

ಇದನ್ನು ಕಂಡುಹಿಡಿಯಲು ನಸುಕಿನಲ್ಲಿ ಮಾಳಿಗೆ ಹತ್ತಿರಿ. ಟಾಕಿಯ ಹೊರಮೈಯನ್ನು ಅಂಗೈಯಿಂದ ಸವರುತ್ತ ಹೋಗಿರಿ. ಎಲ್ಲ ಕಡೆಯೂ ತಣ್ಣಗೆ ಇರಬೇಕು. ಎಲ್ಲಿ ಬೆಚ್ಚಗೆ ತಗಲುತ್ತದೆಯೋ ಅಲ್ಲಿ ಹೊದಿಕೆ ಹೋಗಿದೆ. ಇಬ್ಬನಿ ಬಿದ್ದ ಬೆಳಗಾದರೆ ಕೈಯೂ ಬೇಡ, ಕಣ್ಣೇ ಸಾಕು. ತಣ್ಣಗಿರುವ ತಗಡಿನ ಮೇಲೆ ಇಬ್ಬನಿ ಹನಿಗಟ್ಟಿರುತ್ತದೆ, ಶಾಖ ಸೋರುವ ಜಾಗ ಮಾತ್ರ ಒಣಗಿರುತ್ತದೆ. ಹೊದಿಕೆ ಕೆಟ್ಟ ಜಾಗವನ್ನು ಇಷ್ಟು ಸುಲಭವಾಗಿ ತೋರಿಸುವ ಉಪಕರಣ ಬೇರೊಂದಿಲ್ಲ, ಮತ್ತು ಇದಕ್ಕೆ ಖರ್ಚಿಲ್ಲ.

ಇನ್ನೂ ಸಂಶಯವಿದ್ದರೆ ಕೌದಿಯ ಪರೀಕ್ಷೆ ಮಾಡಿರಿ. ಸೂರ್ಯ ಮುಳುಗಿದ ಮೇಲೆ ಎರಡು ಹಳೆಯ, ಒಣಗಿದ ಕೌದಿಗಳನ್ನು ಟಾಕಿಯ ಸುತ್ತ ಬಿಗಿಯಾಗಿ ಹೊದಿಸಿ ಹಗ್ಗ ಕಟ್ಟಿರಿ. ಮೇಲಿನ ಗಾಳಿ ಕೊಳವೆ ಮಾತ್ರ ತೆರೆದಿರಲಿ. ಬೆಳಗ್ಗೆ ಅಳೆಯಿರಿ. ಹಿಂದಿನ ರಾತ್ರಿ 15 ಡಿಗ್ರಿ ಇಳಿದದ್ದು ಈ ರಾತ್ರಿ 9-10 ಮಾತ್ರ ಇಳಿದಿದ್ದರೆ ದೋಷ ಹೊದಿಕೆಯದೇ. ಕೌದಿ ಹೊದಿಸಿದರೂ 15 ಇಳಿದಿದ್ದರೆ ಹೊದಿಕೆಯನ್ನು ದೂರಬೇಡಿರಿ. ಶಾಖ ನೀರಿನ ಜೊತೆಯಲ್ಲೇ ಬೇರೆ ದಾರಿ ಹಿಡಿದು ಹೋಗುತ್ತಿದೆ.

ಹೊದಿಕೆ ಕೆಟ್ಟಿದ್ದರೆ ತೂತುಗಳನ್ನೂ ಬಿರುಕುಗಳನ್ನೂ ಸಿಲಿಕೋನ್ ಅಂಟಿನಿಂದ ಮುಚ್ಚಿಸಿರಿ, ಪಕ್ಕದ ಮುಚ್ಚಳ ಬಿಗಿ ಮಾಡಿಸಿರಿ. ಟಾಕಿಯ ಮೇಲೆ ಒಂದು ಸುತ್ತು ರಬ್ಬರಿನ ನೊರೆಹಾಳೆ ಅಥವಾ ಗಾಜುನಾರಿನ ಹೊದಿಕೆ ಸುತ್ತಿ, ಅದರ ಮೇಲೆ ಮಳೆ ತಾಗದಂತೆ ಅಲ್ಯೂಮಿನಿಯಂ ತಗಡು ಹಾಕಿಸಬಹುದು. ಹುಲ್ಲು, ಕಣಿಕೆ, ಹೊಟ್ಟು ತುಂಬಿ ಕಟ್ಟಿದರೆ ಆಗದೇ ಎಂದು ಕೇಳುವವರಿದ್ದಾರೆ. ಒಣಗಿರುವಾಗ ಅವೂ ಶಾಖ ತಡೆಯುತ್ತವೆಂಬುದು ನಿಜ. ಆದರೆ ಒಂದು ಮಳೆಗೆ ಕೊಳೆಯುತ್ತವೆ, ಇಲಿ ಗೂಡು ಕಟ್ಟುತ್ತದೆ, ಒಂದು ಕಿಡಿಗೆ ಹತ್ತಿಕೊಳ್ಳುತ್ತವೆ. ಬೇಡ. ಒಳಗಿನ ಹೊದಿಕೆ ಪೂರ್ತಿ ನೆನೆದು ಕುಸಿದಿದ್ದರೆ ಟಾಕಿಯನ್ನಷ್ಟೇ ಬದಲಿಸಿ, ಹಲಗೆಯನ್ನೂ ಟ್ಯೂಬುಗಳನ್ನೂ ಹಳೆಯವೇ ಇಟ್ಟುಕೊಳ್ಳಬಹುದೇ ಎಂದು ಕೇಳಿರಿ. ಅಳತೆ ಹೊಂದಿದರೆ ಸಾಧ್ಯ. ಎಲ್ಲವನ್ನೂ ಹೊಸದಾಗಿ ತೆಗೆದುಕೊಳ್ಳಬೇಕೆಂಬ ನಿಯಮವೇನೂ ಇಲ್ಲ.

ಶಾಖ ನೀರಿನ ಜೊತೆ ಹೋಗುವ ದಾರಿಗಳಲ್ಲಿ ಒಂದು, ರಾತ್ರಿಯ ಹಿಮ್ಮುಖ ಹರಿವು. ಇದು ಚಪ್ಪಟೆ ಹಲಗೆಯ ಸೋಲಾರಿಗೆ ಬರುವ ರೋಗ. ಗಾಜಿನ ಟ್ಯೂಬಿನ ಸೋಲಾರಿಗೆ ಇದರ ಭಯ ಕಡಿಮೆ. ಹಗಲು ಹಲಗೆ ಬಿಸಿ, ಟಾಕಿ ತಂಪು. ನೀರು ಹಲಗೆಯಿಂದ ಟಾಕಿಗೆ ಏರುತ್ತದೆ. ರಾತ್ರಿ ಹಲಗೆ ತೆರೆದ ಆಕಾಶಕ್ಕೆ ಮುಖಮಾಡಿ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಟಾಕಿಯ ತಳ ಹಲಗೆಯ ಮೇಲ್ತುದಿಗಿಂತ ಸಾಕಷ್ಟು ಎತ್ತರದಲ್ಲಿರದಿದ್ದರೆ ನೀರು ಉಲ್ಟಾ ತಿರುಗುತ್ತದೆ: ಟಾಕಿಯ ಬಿಸಿನೀರು ಹಲಗೆಗೆ ಬಂದು ತಣ್ಣಗಾಗಿ ಮತ್ತೆ ಟಾಕಿಯ ತಳಕ್ಕೆ ಸೇರುತ್ತದೆ. ಹಗಲು ದುಡಿದ ಯಂತ್ರವೇ ರಾತ್ರಿ ದುಡಿಮೆಯನ್ನು ಕಳೆಯುತ್ತದೆ. ಟಾಕಿಯ ತಳವು ಹಲಗೆಯ ಮೇಲ್ತುದಿಗಿಂತ ಸುಮಾರು ಒಂದು ಅಡಿ ಎತ್ತರದಲ್ಲಿರಬೇಕು. ನೋಟಕ್ಕೆ ಚೆನ್ನಾಗಿ ಕಾಣಲೆಂದೋ ಗಾಳಿಗೆ ಹೆದರಿಯೋ ಸ್ಟ್ಯಾಂಡನ್ನು ಗಿಡ್ಡ ಮಾಡಿಸಿದ ಮನೆಗಳಲ್ಲಿ ಈ ರೋಗ ಹೆಚ್ಚು. ರಾತ್ರಿ ಹತ್ತು ಗಂಟೆಗೆ ಹಲಗೆಯ ಮೇಲ್ತುದಿಯಿಂದ ಟಾಕಿಗೆ ಹೋಗುವ ಪೈಪನ್ನು ಹಲಗೆಯ ಹತ್ತಿರದಲ್ಲೇ ಮುಟ್ಟಿ ನೋಡಿರಿ. ತಣ್ಣಗಿದ್ದರೆ ಸರಿ. ಬೆಚ್ಚಗಿದ್ದರೆ ನೀರು ಹಿಂದಕ್ಕೆ ಹರಿಯುತ್ತಿದೆ. ಟಾಕಿಯ ಸ್ಟ್ಯಾಂಡನ್ನು ಎತ್ತರಿಸಬೇಕು.

ಇನ್ನೊಂದು ದಾರಿ ಹೆಚ್ಚು ಮೋಸದ್ದು. ಬಿಸಿನೀರಿನ ಸಾಲಿಗೆ ತಣ್ಣೀರು ಕಳ್ಳದಾರಿಯಿಂದ ಸೇರುವುದು. ಕಲಬುರಗಿ ನಗರದ ಮನೆಗಳಲ್ಲಿ ಬಿಸಿ ಮತ್ತು ತಣ್ಣೀರು ಒಂದೇ ಬಾಯಲ್ಲಿ ಬರುವ ಮಿಕ್ಸರ್ ನಳಗಳು ಸಾಮಾನ್ಯ. ಈಗ ಹಳ್ಳಿಯ ಹೊಸ ಮನೆಗಳಿಗೂ ಅವು ಬಂದಿವೆ. ಮಿಕ್ಸರಿನ ಎರಡೂ ಕಿವಿಗಳನ್ನು ತೆರೆದಿಟ್ಟು ತುದಿಯ ಕೈಶವರನ್ನು ಮಾತ್ರ ಬಂದ್ ಮಾಡಿದರೆ ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಆದರೆ ಒಳಗೆ ಎರಡು ಸಾಲುಗಳು ಕೂಡಿರುತ್ತವೆ. ತಣ್ಣೀರಿನ ಒತ್ತಡ ಹೆಚ್ಚಿದ್ದರೆ ಅದು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಕಮಲಾಪುರದ ಕೆಂಪು ಬಾಳೆಯ ತೋಟದ ಮನೆಗಳಂತೆ ಬಾವಿಯ ಪಂಪಿನಿಂದ ನೇರವಾಗಿ ಬಚ್ಚಲಿಗೆ ಸಾಲು ಎಳೆದಿರುವಲ್ಲಿ ಪಂಪು ಚಾಲೂ ಆದಾಗಲೆಲ್ಲ ಹೀಗಾಗಬಹುದು. ಮನೆಯವರು ಟಾಕಿಯನ್ನೇ ಬೈಯುತ್ತಿರುತ್ತಾರೆ. ಟಾಕಿಯಲ್ಲಿ ಮಾತ್ರ ಬಿಸಿನೀರು ತುಂಬಿಯೇ ಇರುತ್ತದೆ.

ಇದರ ಪರೀಕ್ಷೆ ಹೀಗೆ. ಬೆಳಗಿನ ಹೊತ್ತು, ಬಿಸಿಲೇರುವ ಮೊದಲು, ಸೋಲಾರ್ ಟಾಕಿಗೆ ತಣ್ಣೀರು ಹೋಗುವ ವಾಲ್ವನ್ನು ಬಂದ್ ಮಾಡಿರಿ. ಬಚ್ಚಲಿನಲ್ಲಿ ಬಿಸಿನೀರಿನ ನಳವನ್ನು ಮಾತ್ರ ಬಿಡಿರಿ. ಪಂಪಿನ ಸಾಲಿದ್ದ ಮನೆಯಲ್ಲಿ ಪಂಪು ಚಾಲೂ ಇರಲಿ. ಸ್ವಲ್ಪ ಹೊತ್ತು ನೀರು ಬಂದು, ಸಣ್ಣದಾಗಿ, ನಿಲ್ಲಬೇಕು. ಏಕೆಂದರೆ ಟಾಕಿಗೆ ಹೊಸ ನೀರು ಬರುತ್ತಿಲ್ಲ. ನಿಲ್ಲದೆ ಧಾರೆ ಹರಿಯುತ್ತಲೇ ಇದ್ದರೆ ಆ ನೀರು ಬೇರೆಲ್ಲಿಂದಲೋ ಬರುತ್ತಿದೆ. ಮನೆಯ ಮಿಕ್ಸರುಗಳನ್ನು ಒಂದೊಂದಾಗಿ ಎರಡೂ ಕಿವಿ ಬಂದ್ ಮಾಡುತ್ತ ಹೋಗಿರಿ. ಯಾವುದನ್ನು ಬಂದ್ ಮಾಡಿದಾಗ ಧಾರೆ ನಿಲ್ಲುತ್ತದೆಯೋ ಅದೇ ಕಳ್ಳ. ಅಂಥ ನಳದ ಬಿಸಿನೀರಿನ ಕಡೆಗೆ ನೀರನ್ನು ಹಿಂದಕ್ಕೆ ಬಿಡದ ವಾಲ್ವ್ ಹಾಕಿಸಿರಿ. ಸಾಧ್ಯವಿದ್ದರೆ ಬಚ್ಚಲಿನ ತಣ್ಣೀರನ್ನೂ ಸೋಲಾರಿಗೆ ನೀರು ಕೊಡುವ ಮೇಲಿನ ಟಾಕಿಯಿಂದಲೇ ತರಿಸಿರಿ, ಒತ್ತಡ ಸಮವಾಗುತ್ತದೆ. ಪರೀಕ್ಷೆ ಮುಗಿದೊಡನೆ ತಣ್ಣೀರಿನ ವಾಲ್ವನ್ನು ಮತ್ತೆ ತೆರೆಯಲು ಮರೆಯಬಾರದು.

ಬಿಸಿನೀರಿನ ನಳ ಹನಿಯುತ್ತಿದ್ದರೆ ಅದನ್ನೂ ಸಣ್ಣದೆಂದು ಬಿಡಬೇಡಿರಿ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ಸುಮಾರು 20 ಲೀಟರ್ ಆಗುತ್ತದೆ. 100 ಲೀಟರಿನ ಟಾಕಿಯ ಐದರಲ್ಲಿ ಒಂದು ಪಾಲು! ಹೋದಷ್ಟು ನೀರಿನ ಜಾಗಕ್ಕೆ ತಣ್ಣೀರು ಬರುತ್ತದೆ. ಒಂದು ವಾಷರಿನ ಬೆಲೆಗೆ ಇದು ನಿಲ್ಲುತ್ತದೆ.

ಪೈಪಿನ ಬಗ್ಗೆ ಜನರಲ್ಲಿ ಇರುವ ನಂಬಿಕೆ ಪೂರ್ತಿ ಸರಿಯಲ್ಲ. ಪೈಪು ಬರಿಮೈಯಲ್ಲಿದ್ದರೆ ನೀರು ಹರಿಯುವಾಗಲೇ ತಣ್ಣಗಾಗುತ್ತದೆ ಎನ್ನುತ್ತಾರೆ. 15 ಮೀಟರಿನ ಮುಕ್ಕಾಲು ಅಂಗುಲದ ಕಬ್ಬಿಣದ ಪೈಪಿನಲ್ಲಿ ನಿಮಿಷಕ್ಕೆ 5 ಲೀಟರಿನಂತೆ ನೀರು ಬಿಟ್ಟರೆ ಗಾಳಿಯಿಲ್ಲದ ಹೊತ್ತಿನಲ್ಲಿ ಇಳಿಯುವುದು ಒಂದೂವರೆ ಡಿಗ್ರಿಯಷ್ಟೇ. ಸಣ್ಣ ಧಾರೆ ಬಿಟ್ಟು ನಿಮಿಷಕ್ಕೆ 1 ಲೀಟರ್ ತೆಗೆದರೆ 7-8 ಡಿಗ್ರಿ ಇಳಿಯುತ್ತದೆ. ಆದ್ದರಿಂದ ನಳವನ್ನು ಪೂರ್ತಿ ಬಿಟ್ಟು ಬಕೆಟ್ ತುಂಬಿಕೊಳ್ಳಿರಿ. ನಿಜವಾದ ನಷ್ಟ ನಿಂತ ನೀರಿನದು. ಆ ಪೈಪಿನಲ್ಲಿ ಸುಮಾರು 5 ಲೀಟರ್ ನೀರು ನಿಲ್ಲುತ್ತದೆ. ಪ್ರತಿ ಸಲ ನಳ ಬಂದ್ ಮಾಡಿದಾಗ ಅದು ಆರಿಹೋಗುತ್ತದೆ, ಮುಂದಿನವನು ಅದನ್ನು ಚೆಲ್ಲಿ ಬಿಸಿನೀರಿಗೆ ಕಾಯುತ್ತಾನೆ. ಹಿತ್ತಲಿನಲ್ಲಿ ಬಚ್ಚಲಿರುವ ಹಳ್ಳಿಯ ಮನೆಗಳಲ್ಲಿ ಪೈಪು ಉದ್ದವಾಗುವುದರಿಂದ ಮನೆಮಂದಿ ಒಬ್ಬರ ಹಿಂದೆ ಒಬ್ಬರು ಜಳಕ ಮಾಡಿದರೆ ಮೂರು ನಾಲ್ಕು ಸಲದ ನಷ್ಟ ಒಂದು ಸಲಕ್ಕೆ ಇಳಿಯುತ್ತದೆ. ಪೈಪಿಗೆ ಕಪ್ಪು ನೊರೆಯ ತೋಳು ಹಾಕಿಸಿರಿ, ಆದರೆ ಬಿಸಿಲಿಗೆ ಅದು ಎರಡು ಮೂರು ವರ್ಷದಲ್ಲಿ ಪುಡಿಯಾಗುತ್ತದೆ. ಮಂಗಗಳ ಕಾಟವಿರುವಲ್ಲಿ ಅಷ್ಟೂ ಉಳಿಯದು. ಅದರ ಮೇಲೆ ಬಿಸಿಲು ತಡೆಯುವ ಪಟ್ಟಿ ಸುತ್ತಿಸುವುದು ಅಥವಾ ದೊಡ್ಡ ಪೈಪಿನೊಳಗೆ ಸೇರಿಸುವುದು ಲೇಸು. ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು. ತಣ್ಣೀರಿನ ಸಾದಾ ಪಿವಿಸಿ ಮೆತ್ತಗಾಗಿ ಜೋತುಬಿದ್ದು ಜಾಯಿಂಟು ಬಿಡುತ್ತದೆ.

ಇನ್ನು ಸಂಜೆಯೇ ನೀರು ಕಾಯದಿರುವ ಮನೆಗಳ ಮಾತು. ನಮ್ಮ ಭಾಗದಲ್ಲಿ ಇದಕ್ಕೆ ಮೊದಲನೆಯ ಕಾರಣ ಧೂಳು. ತೊಗರಿ ರಾಶಿ ನಡೆಯುವುದು ಡಿಸೆಂಬರ್, ಜನವರಿಯಲ್ಲಿ. ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಊರ ಪಕ್ಕದ ಕಣದಲ್ಲಿ ಯಂತ್ರ ಓಡಿದರೆ ಹೊಟ್ಟು, ಧೂಳು ಎಲ್ಲ ಗಾಜಿನ ಮೇಲೆ ಬಂದು ಕೂಡುತ್ತದೆ, ಇಬ್ಬನಿಗೆ ಅಂಟಿಕೊಳ್ಳುತ್ತದೆ. ರಾಶಿಯ ದಿನಗಳಲ್ಲಿ ವಾರಕ್ಕೆ ಎರಡು ಸಲ ನಸುಕಿನಲ್ಲಿ, ಗಾಜು ತಣ್ಣಗಿರುವಾಗ, ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ಬಿಸಿಲಿಗೆ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಅದು ಸೀಳಬಹುದು.

ಎರಡನೆಯದು ನೆರಳು. ಬೇಸಿಗೆಯಲ್ಲಿ ತೊಂದರೆ ಕೊಡದ ಗೋಡೆ ಚಳಿಗಾಲದಲ್ಲಿ ಕೊಡುತ್ತದೆ. ಕಲಬುರಗಿಯಲ್ಲಿ ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲೂ ಸೂರ್ಯ 49 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. 3 ಅಡಿ ಎತ್ತರದ ಗೋಡೆಯ ನೆರಳು ಆ ಹೊತ್ತಿಗೇ ಎರಡೂವರೆ ಅಡಿ ಚಾಚುತ್ತದೆ. ಬೆಳಗಿನ ಒಂಬತ್ತೂವರೆಯ ಸುಮಾರಿಗೆ 5 ಅಡಿ. ಪಕ್ಕದ ಮನೆಯವರು ಮೇಲೊಂದು ಕೋಣೆ ಕಟ್ಟಿಸಿದ್ದರೆ, ಬೇವಿನ ಮರ ಬೆಳೆದಿದ್ದರೆ, ಡಿಸೆಂಬರಿನ ಒಂದು ದಿನ ಬೆಳಗ್ಗೆ ಒಂಬತ್ತರಿಂದ ಮೂರರ ತನಕ ಗಂಟೆಗೊಮ್ಮೆ ನೆರಳು ನೋಡಿರಿ. ಹಲಗೆ ದಕ್ಷಿಣಕ್ಕೆ ಮುಖ ಮಾಡಿರಬೇಕು. ಚಳಿಗಾಲದ ಬಿಸಿಲಿಗೆ ನಮ್ಮಲ್ಲಿ 30 ಡಿಗ್ರಿಯ ಓಟ ಒಳ್ಳೆಯದು. ಅಳೆಯಲು ಯಂತ್ರ ಬೇಡ: ಹಲಗೆಯ ಉದ್ದ ಎಷ್ಟೋ ಅದರ ಅರ್ಧದಷ್ಟು ಎತ್ತರದಲ್ಲಿ ಅದರ ಮೇಲ್ತುದಿ ಕೆಳತುದಿಗಿಂತ ಇದ್ದರೆ ಓಟ 30 ಡಿಗ್ರಿಯೆಂದು ತಿಳಿಯಿರಿ.

ಗಾಜಿನ ಟ್ಯೂಬಿನ ಸೋಲಾರಿನಲ್ಲಿ ಎರಡು ಗಾಜಿನ ಗೋಡೆಗಳ ನಡುವೆ ಗಾಳಿ ತೆಗೆದಿರುತ್ತಾರೆ. ಒಳಗಿನ ಶಾಖ ಹೊರಬಾರದಂತೆ ತಡೆಯುವುದು ಆ ಬರಿದೇ. ಟ್ಯೂಬಿನ ಕೆಳತುದಿಯಲ್ಲಿ ಕನ್ನಡಿಯಂಥ ಬೆಳ್ಳಿಬಣ್ಣದ ಲೇಪವಿರುತ್ತದೆ. ಅದು ಬೇರಿಯಂ ಎಂಬ ಲೋಹ. ಒಳಗೆ ಗಾಳಿ ಹೊಕ್ಕರೆ ಆ ಲೇಪ ಹಾಲಿನಂತೆ ಬಿಳಿಯಾಗುತ್ತದೆ. ಹೊರಗೆ ಬಿರುಕು ಕಾಣದಿದ್ದರೂ ಬಿಳಿಯಾದ ಟ್ಯೂಬು ಸತ್ತಂತೆಯೇ. ಮಧ್ಯಾಹ್ನ ಮುಟ್ಟಿದರೆ ಉಳಿದವು ತಣ್ಣಗಿರುವಾಗ ಅದೊಂದೇ ಬಿಸಿಯಾಗಿರುತ್ತದೆ. ತುದಿಗೆ ರಬ್ಬರಿನ ಬಟ್ಟಲಿದ್ದರೆ ಮಿಸ್ತ್ರಿ ಅದನ್ನು ಸರಿಸಿ ತೋರಿಸುತ್ತಾನೆ. ಕೆಟ್ಟ ಟ್ಯೂಬುಗಳನ್ನಷ್ಟೇ ಎಣಿಸಿ ಬದಲಿಸಿರಿ.

ಗಡಸು ನೀರಿನ ಕೊಳವೆಬಾವಿಯಿದ್ದರೆ ಹಲಗೆಯ ತಾಮ್ರದ ಕೊಳವೆಗಳಲ್ಲಿ ಸುಣ್ಣದಂಥ ಪದರು ಕಟ್ಟಿ ಹರಿವು ನಿಲ್ಲುತ್ತದೆ. ಮನೆಯ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುವ ಊರಾದರೆ ಇದನ್ನು ಶಂಕಿಸಬೇಕು. ಆಮ್ಲ ಹಾಕಿ ತೊಳೆಯುವ ಕೆಲಸವನ್ನು ಬಲ್ಲ ಮಿಸ್ತ್ರಿಯೇ ಮಾಡಬೇಕು, ಮನೆಯವರಲ್ಲ. ಇಂಥ ಊರಿನಲ್ಲಿ ಹೊಸದಾಗಿ ಕೊಳ್ಳುವವರು ಟ್ಯೂಬಿನ ಸೋಲಾರನ್ನೇ ಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ; ಟ್ಯೂಬು ಅಗಲವಾದುದರಿಂದ ಬೇಗ ಕಟ್ಟಿಕೊಳ್ಳುವುದಿಲ್ಲ.

ಕೆಲವೊಮ್ಮೆ ರೋಗವೇ ಇರುವುದಿಲ್ಲ. ಸಂಜೆ ಹೊಲದಿಂದ ಬಂದವರು 50 ಲೀಟರ್ ಬಿಸಿನೀರು ಬಳಸಿದರೆ ಟಾಕಿಗೆ ಅಷ್ಟೇ ತಣ್ಣೀರು ಬರುತ್ತದೆ, ರಾತ್ರಿ ಅದನ್ನು ಕಾಯಿಸಲು ಸೂರ್ಯನಿಲ್ಲ. ಬೆಳಗಿನವರಿಗೆ ಬೆಚ್ಚನೆಯ ನೀರು ಮಾತ್ರ ಸಿಗುತ್ತದೆ. 100 ಲೀಟರಿನ ಟಾಕಿ ಮೂರು ನಾಲ್ಕು ಜನರಿಗೆ ತಕ್ಕದ್ದು. ಏಳೆಂಟು ಜನರ ಮನೆಗೆ ಅದು ಸಾಲದು.

ಟಾಕಿಯೊಳಗಿನ ಕರೆಂಟಿನ ಕಾಯಿಲ್ ಬಗ್ಗೆ ಎಚ್ಚರವಿರಲಿ. ಮಳೆಗಾಲದ ಮೋಡದ ದಿನಗಳಿಗೆಂದು ಹಾಕಿಸಿದ ಕಾಯಿಲನ್ನು ವರ್ಷವೆಲ್ಲ ಚಾಲೂ ಬಿಟ್ಟರೆ ಮೇಲೆ ಹೇಳಿದ ಎಲ್ಲ ದೋಷಗಳನ್ನೂ ಅದು ಮುಚ್ಚಿಡುತ್ತದೆ. ರಾತ್ರಿ ಸೋರಿದ ಶಾಖವನ್ನು ಅದು ಸದ್ದಿಲ್ಲದೆ ತುಂಬಿಕೊಡುತ್ತಿರುತ್ತದೆ. ನಿಮಗೆ ಬಿಸಿನೀರು ಬರುತ್ತದೆ, ಬಿಲ್ಲೂ ಬರುತ್ತದೆ. ಮೋಡವಿಲ್ಲದ ದಿನ ಅದರ ಸ್ವಿಚ್ಚು ಬಂದ್ ಇರಬೇಕು. ಮಾಳಿಗೆಯ ಮೇಲೆ ಟಾಕಿಗೆ ಕೈ ಹಚ್ಚುವ ಮುನ್ನವೂ ಅದನ್ನು ಬಂದ್ ಮಾಡಿರಿ.

ಟಾಕಿಯ ಮೇಲಿನ ಗಾಳಿ ಕೊಳವೆಯಿಂದ ಆವಿ ಬರುವುದನ್ನು ಕಂಡು, ಶಾಖ ಹೋಗುತ್ತಿದೆಯೆಂದು ಅದಕ್ಕೆ ಬಟ್ಟೆ ತುರುಕುವವರಿದ್ದಾರೆ. ಇದನ್ನು ಎಂದಿಗೂ ಮಾಡಬಾರದು. ಆ ಕೊಳವೆಯಿಂದ ಹೋಗುವ ಶಾಖ ಅತ್ಯಲ್ಪ. ಅದನ್ನು ಮುಚ್ಚಿದರೆ ಆವಿಯ ಒತ್ತಡಕ್ಕೆ ಟಾಕಿ ಸೀಳಬಹುದು, ನೀರು ಎಳೆದುಕೊಂಡಾಗ ಒಳಗೆ ಕುಸಿಯಲೂಬಹುದು. ಮೇಲಿನ ತಣ್ಣೀರಿನ ಟಾಕಿ ಬರಿದಾಗಿ ಟ್ಯೂಬುಗಳು ಒಣಗಿದ್ದರೆ ಹಗಲು ನೀರು ಬಿಡಬೇಡಿರಿ. ಕಾದ ಗಾಜಿಗೆ ತಣ್ಣೀರು ತಾಗಿದೊಡನೆ ಒಡೆಯುತ್ತದೆ. ಸೂರ್ಯ ಮುಳುಗಿ ಎರಡು ಗಂಟೆಯಾದ ಮೇಲೆ, ಇಲ್ಲವೇ ನಸುಕಿನಲ್ಲಿ ತುಂಬಿಸಿರಿ.

ಇಷ್ಟು ನೋಡಿದ ಮೇಲೆ ಮಿಸ್ತ್ರಿಗೆ ಫೋನು ಮಾಡುವುದಾದರೆ "ಸೋಲಾರ್ ಕೆಟ್ಟಿದೆ" ಎನ್ನಬೇಡಿರಿ. ಸಂಜೆ ಎಷ್ಟು ಡಿಗ್ರಿ, ಬೆಳಗ್ಗೆ ಎಷ್ಟು, ಕೌದಿ ಹೊದಿಸಿದಾಗ ಎಷ್ಟು, ತಣ್ಣೀರಿನ ವಾಲ್ವ್ ಬಂದ್ ಮಾಡಿದಾಗ ಧಾರೆ ನಿಂತಿತೋ ಇಲ್ಲವೋ, ಬಿಳಿಯಾದ ಟ್ಯೂಬು ಎಷ್ಟು, ಟಾಕಿ ಎಷ್ಟು ಲೀಟರಿನದು, ಟ್ಯೂಬಿನ ಉದ್ದ ಮತ್ತು ದಪ್ಪ ಎಷ್ಟು, ಇವನ್ನು ಕಾಗದದ ಮೇಲೆ ಬರೆದುಕೊಂಡು ಓದಿ ಹೇಳಿರಿ. ಬೇಕಾದ ಸಾಮಾನನ್ನು ಅವನು ಕಲಬುರಗಿಯಿಂದ ಹೊರಡುವಾಗಲೇ ತರುತ್ತಾನೆ. ಎರಡನೆಯ ಸಲ ಬರುವ ಖರ್ಚು ಉಳಿಯುತ್ತದೆ.